ಆರೋಗ್ಯವಂತ ದಾನಿಯ ರಕ್ತದಲ್ಲಿ ಬಬೇಸಿಯಾ: ಅಮೆರಿಕದ ಈಶಾನ್ಯ ರಾಜ್ಯಗಳ ಒಂದು ಪ್ರಕರಣ ಅಧ್ಯಯನ

ರಕ್ತದಾನಕ್ಕೆ ಬಂದವರ ಮೈ ಬಿಸಿಯಿದೆಯೇ ಎಂದು ನೋಡುತ್ತಾರೆ, ರಕ್ತದೊತ್ತಡ ಅಳೆಯುತ್ತಾರೆ, ಬೆರಳಿಗೆ ಚುಚ್ಚಿ ಹಿಮೋಗ್ಲೋಬಿನ್ ಪರೀಕ್ಷಿಸುತ್ತಾರೆ, ಇತ್ತೀಚೆಗೆ ಯಾವ ಕಾಯಿಲೆ ಬಂದಿತ್ತು ಎಂದು ಕೇಳುತ್ತಾರೆ. ಕಾಯಿಲೆಯಿದ್ದರೆ ಅದು ದಾನಿಯ ಮೈಮೇಲೆ ಕಾಣಿಸಬೇಕು, ಇಲ್ಲವೇ ದಾನಿಗೆ ತಿಳಿದಿರಬೇಕು ಎಂಬ ನಂಬಿಕೆಯ ಮೇಲೆ ಈ ವ್ಯವಸ್ಥೆಯ ಅರ್ಧಭಾಗ ನಿಂತಿದೆ. ಉಳಿದರ್ಧ ಪ್ರಯೋಗಾಲಯದ ಪರೀಕ್ಷೆಗಳದ್ದು. ಆದರೆ ಪ್ರಯೋಗಾಲಯ ತಾನು ಹುಡುಕಿದ್ದನ್ನು ಮಾತ್ರ ಕಾಣಬಲ್ಲದು. ಉಣುಗಿನಿಂದ ಹರಡುವ ಬಬೇಸಿಯಾ ಎಂಬ ಪರೋಪಜೀವಿ ಈ ಎರಡು ಅರ್ಧಗಳ ನಡುವಿನ ಸಂದಿಯಲ್ಲಿ ನುಸುಳಿ, ಅಮೆರಿಕದ ಈಶಾನ್ಯ ಹಾಗೂ ಉತ್ತರ ಮಧ್ಯದ ರಾಜ್ಯಗಳಲ್ಲಿ ಸುಮಾರು 40 ವರ್ಷಗಳ ಕಾಲ ದಾನದ ರಕ್ತದ ಮೂಲಕ ರೋಗಿಗಳನ್ನು ತಲುಪುತ್ತಲೇ ಇತ್ತು. ಇಂಥ ಮೊದಲ ಪ್ರಕರಣ ತಿಳಿದುಬಂದದ್ದು 1979ರಲ್ಲಿ. ಸೋಂಕು ಹೆಚ್ಚಿರುವ ರಾಜ್ಯಗಳಲ್ಲಿ ಪ್ರತಿಯೊಂದು ದಾನವನ್ನೂ ಪರೀಕ್ಷಿಸಬೇಕೆಂಬ ಅಂತಿಮ ಮಾರ್ಗಸೂಚಿ ಹೊರಬಂದದ್ದು 2019ರಲ್ಲಿ. ಈ ಅಂತರ ಏಕೆ ಉಂಟಾಯಿತು, ಅದನ್ನು ಯಾವುದು ಮುಚ್ಚಿತು ಎಂಬುದನ್ನು ನೋಡುವುದೇ ಈ ಅಧ್ಯಯನದ ಉದ್ದೇಶ.

ಹಸುವಿನಿಂದ ಮನುಷ್ಯನವರೆಗೆ

ದನ ಸಾಕಿದವರಿಗೆ ಬಬೇಸಿಯಾ ಹೊಸದಲ್ಲ, ಹೆಸರು ಮಾತ್ರ ಹೊಸದಿರಬಹುದು. ಉಣುಗು ಹತ್ತಿದ ಹಸುವಿಗೆ ವಿಪರೀತ ಜ್ವರ ಬಂದು, ಅದು ಕಾಫಿ ಬಣ್ಣದ ಮೂತ್ರ ಮಾಡಲು ತೊಡಗಿದರೆ ಪಶುವೈದ್ಯರು ಮೊದಲು ಶಂಕಿಸುವ ಕಾಯಿಲೆಗಳಲ್ಲಿ ಇದೂ ಒಂದು. ಪರೋಪಜೀವಿಯು ಕೆಂಪು ರಕ್ತಕಣದೊಳಗೆ ಸೇರಿ, ಅಲ್ಲಿಯೇ ದ್ವಿಗುಣಗೊಂಡು, ಕಣವನ್ನು ಒಡೆದು ಹೊರಬರುತ್ತದೆ. ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರದಲ್ಲಿ ಇಳಿಯುವುದರಿಂದ ಆ ಬಣ್ಣ. 1888ರಲ್ಲಿ ರುಮೇನಿಯಾದ ವಿಕ್ಟರ್ ಬಾಬೆಶ್ ದನಗಳ ರಕ್ತಕಣಗಳಲ್ಲಿ ಇದನ್ನು ಕಂಡರು. ಅವರ ಹೆಸರೇ ಪರೋಪಜೀವಿಗೆ ಬಂತು. 1893ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಫ್ರೆಡ್ರಿಕ್ ಕಿಲ್ಬೋರ್ನ್ ಈ ಪರೋಪಜೀವಿಯಿಂದ ದನಗಳಿಗೆ ಬರುವ ಟೆಕ್ಸಾಸ್ ಜ್ವರ ಉಣುಗಿನಿಂದ ಹರಡುತ್ತದೆ ಎಂದು ಸಾಬೀತುಪಡಿಸಿದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ತೋರಿಸುವುದಕ್ಕಿಂತ ಕೆಲವು ವರ್ಷ ಮೊದಲೇ ನಡೆದ ಕೆಲಸವಿದು. ಅದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಮನುಷ್ಯನಲ್ಲಿ ಇದು ಮೊದಲು ದಾಖಲಾದದ್ದು 1957ರಲ್ಲಿ, ಆಗಿನ ಯುಗೊಸ್ಲಾವಿಯಾದಲ್ಲಿ. ರೋಗಿಗೆ ಗುಲ್ಮವನ್ನು ತೆಗೆಯಲಾಗಿತ್ತು, ಆತ ಉಳಿಯಲಿಲ್ಲ. ಹಾಳಾದ ರಕ್ತಕಣಗಳನ್ನು ಸೋಸಿ ತೆಗೆಯುವ ಅಂಗವೇ ಗುಲ್ಮ. ಅದಿಲ್ಲದವರಿಗೆ ಮಾತ್ರ ಬರುವ ಅಪರೂಪದ ಕಾಯಿಲೆ ಇದೆಂದು ವೈದ್ಯರು ಭಾವಿಸಿದ್ದು ಸಹಜವಾಗಿತ್ತು. 1969ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನಾಂಟುಕೆಟ್ ದ್ವೀಪದಲ್ಲಿ ಗುಲ್ಮ ಸರಿಯಾಗಿಯೇ ಇದ್ದ ವ್ಯಕ್ತಿಯೊಬ್ಬರಿಗೆ ಈ ಸೋಂಕು ತಗುಲಿದ್ದು ಪತ್ತೆಯಾದಾಗ ಆ ಭಾವನೆ ಕಳಚಿಬಿತ್ತು. ಮುಂದಿನ ವರ್ಷಗಳಲ್ಲಿ ಅದೇ ದ್ವೀಪದಲ್ಲಿ ಇನ್ನಷ್ಟು ಮಂದಿಗೆ ಕಾಯಿಲೆ ಬಂದು, ಅದಕ್ಕೆ ನಾಂಟುಕೆಟ್ ಜ್ವರ ಎಂಬ ಹೆಸರೂ ಬಿತ್ತು.

ಅಲ್ಲಿ ಮನುಷ್ಯರನ್ನು ಕಾಡುವ ಪ್ರಭೇದ ಬಬೇಸಿಯಾ ಮೈಕ್ರೋಟಿ. ಅದರ ತವರು ಬಿಳಿಗಾಲಿನ ಇಲಿ. ಇಲಿಯ ರಕ್ತ ಹೀರಿದ ಕಪ್ಪುಕಾಲಿನ ಉಣುಗು ಅದನ್ನು ಪಡೆದು, ಮರಿಹಂತದಲ್ಲಿ ಮನುಷ್ಯನಿಗೆ ಕಚ್ಚಿದಾಗ ದಾಟಿಸುತ್ತದೆ. ಬೆಳೆದ ಉಣುಗುಗಳು ಬಿಳಿಬಾಲದ ಜಿಂಕೆಯ ಮೈಮೇಲೆ ಉಂಡು ಮೊಟ್ಟೆಯಿಡುತ್ತವೆ. ಜಿಂಕೆಗೆ ಈ ಸೋಂಕು ತಗುಲುವುದಿಲ್ಲ, ಆದರೆ ಜಿಂಕೆ ಹೆಚ್ಚಿದಂತೆ ಉಣುಗು ಹೆಚ್ಚುತ್ತದೆ. ಹಳೆಯ ಹೊಲಗಳು ಮತ್ತೆ ಕಾಡಾಗಿ, ಆ ಕಾಡಿನ ಅಂಚಿಗೆ ಮನೆಗಳು ಎದ್ದ ಈಶಾನ್ಯ ಅಮೆರಿಕದಲ್ಲಿ ಈ ಮೂರೂ ಪ್ರಾಣಿಗಳು ಮನೆಯ ಹಿತ್ತಿಲಿನವರೆಗೆ ಬಂದಿವೆ. ಮರಿ ಉಣುಗು ಗಸಗಸೆ ಕಾಳಿನಷ್ಟು ಚಿಕ್ಕದು. ಸೋಂಕು ದಾಟಿಸಲು ಅದು ಸಾಮಾನ್ಯವಾಗಿ ಒಂದೂವರೆ ಎರಡು ದಿನ ಕಚ್ಚಿಕೊಂಡಿರಬೇಕು, ಆದರೂ ಕಚ್ಚಿಸಿಕೊಂಡ ಬಹುಪಾಲು ಜನರಿಗೆ ಅದು ಕಚ್ಚಿದ ನೆನಪೇ ಇರುವುದಿಲ್ಲ.

ದಾನಿಗೆ ಗೊತ್ತಿರಲಿಲ್ಲ

ಪ್ರಕರಣದ ತಿರುಳು ಇರುವುದು ಇಲ್ಲಿ. ಬಬೇಸಿಯಾ ಮೈಕ್ರೋಟಿ ತಗುಲಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೂ ಆರೋಗ್ಯವಂತ ವಯಸ್ಕರಲ್ಲಿ ಗಣನೀಯ ಪಾಲಿಗೂ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಕೆಲವರಿಗೆ ನಾಲ್ಕು ದಿನ ಮೈ ಕೈ ನೋವು, ಬೆವರು, ಸಣ್ಣ ಜ್ವರ. ಬೇಸಿಗೆಯ ಶೀತವೆಂದು ಅವರು ಅದನ್ನು ಮರೆತುಬಿಡುತ್ತಾರೆ. ಪರೋಪಜೀವಿಯಾದರೋ ರಕ್ತದಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೀರಿ, ಅತಿ ಕಡಿಮೆ ಪ್ರಮಾಣದಲ್ಲಿ ಉಳಿದಿರುತ್ತದೆ. ಅಂಥವರು ರಕ್ತದಾನಕ್ಕೆ ಬಂದಾಗ ಅವರ ಮೈ ತಣ್ಣಗಿರುತ್ತದೆ, ಹಿಮೋಗ್ಲೋಬಿನ್ ಸರಿಯಾಗಿಯೇ ಇರುತ್ತದೆ. ನಿಮಗೆ ಎಂದಾದರೂ ಬಬೇಸಿಯೋಸಿಸ್, ಅಂದರೆ ಬಬೇಸಿಯಾ ತರುವ ಕಾಯಿಲೆ, ಬಂದಿತ್ತೇ ಎಂಬ ಪ್ರಶ್ನೆ ಅಮೆರಿಕದ ದಾನಿಗಳ ಪ್ರಶ್ನಾವಳಿಯಲ್ಲಿ ಬಹುಕಾಲದಿಂದ ಇತ್ತು, ಹೌದು ಎಂದವರನ್ನು ದೂರವಿಡಲಾಗುತ್ತಿತ್ತು. ಆದರೆ ಆ ಪ್ರಶ್ನೆ ಹಿಡಿಯಬಲ್ಲದ್ದು ಕಾಯಿಲೆ ಪತ್ತೆಯಾದವರನ್ನು ಮಾತ್ರ. ರೋಗಿಗಳಿಗೆ ಸೋಂಕು ದಾಟಿಸಿದವರು ಪತ್ತೆಯಾಗದವರು. ಇಲ್ಲ ಎಂದು ಅವರು ಕೊಟ್ಟ ಉತ್ತರ ಪ್ರಾಮಾಣಿಕವಾದದ್ದೇ.

ಇನ್ನು ಚೀಲದೊಳಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಕೆಂಪು ರಕ್ತಕಣಗಳನ್ನು 1ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಗರಿಷ್ಠ 42 ದಿನ ಇಡಬಹುದು. ಸಿಫಿಲಿಸ್‌ನ ರೋಗಾಣು ಅಂಥ ತಂಪಿನಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಬಬೇಸಿಯಾ ಹಾಗಲ್ಲ: 35 ದಿನ ಹಳೆಯದಾದ ಚೀಲದ ರಕ್ತದಿಂದಲೂ ಅದು ಹರಡಿದೆ. ಅನೇಕ ರಕ್ತನಿಧಿಗಳು ಬಿಳಿ ರಕ್ತಕಣಗಳನ್ನು ತೆಗೆಯುವ ಶೋಧಕವನ್ನು ಬಳಸುತ್ತವೆ. ಬಿಳಿಕಣದೊಳಗೆ ವಾಸಿಸುವ ರೋಗಾಣುಗಳ ಮಟ್ಟಿಗೆ ಅದು ಅಪಾಯವನ್ನು ಒಂದಷ್ಟು ತಗ್ಗಿಸುತ್ತದೆ. ಬಬೇಸಿಯಾ ಇರುವುದು ಕೆಂಪು ಕಣದಲ್ಲಿ, ರೋಗಿಗೆ ಕೊಡಬೇಕಾದ ವಸ್ತುವಿನೊಳಗೇ. ಶೋಧಿಸಿ ಎಸೆಯಲು ಅಲ್ಲಿ ಏನೂ ಇಲ್ಲ. ಬೇರೆ ರೋಗಾಣುಗಳಿಗೆ ಉಪಯೋಗವಾದ ರಾಸಾಯನಿಕ ಮತ್ತು ಅತಿನೇರಳೆ ಬೆಳಕಿನ ಶುದ್ಧೀಕರಣ ವಿಧಾನಕ್ಕೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದೂ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಮತ್ತು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳಿಗೆ ಮಾತ್ರ.

ಈ ರಕ್ತ ಯಾರಿಗೆ ಹೋಗುತ್ತದೆ? ಶಸ್ತ್ರಚಿಕಿತ್ಸೆಗೆ ಒಳಗಾದ ವೃದ್ಧರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಪದೇಪದೇ ರಕ್ತ ಬೇಕಾಗುವ ಥಲಸೇಮಿಯಾ ಮತ್ತು ಸಿಕಲ್ ಸೆಲ್ ರೋಗಿಗಳಿಗೆ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ. ಬಬೇಸಿಯಾ ತೀವ್ರವಾಗುವುದು ಯಾರಲ್ಲಿ ಎಂದು ಪಟ್ಟಿ ಮಾಡಿದರೂ ಬಹುತೇಕ ಇದೇ ಪಟ್ಟಿ ಬರುತ್ತದೆ. ಹಸುಗೂಸುಗಳ ವಿಷಯ ಇನ್ನೂ ಕಷ್ಟದ್ದು. ಅವಕ್ಕೆ ಬೇಕಾಗುವುದು ಕೆಲವೇ ಮಿಲಿಲೀಟರ್ ರಕ್ತವಾದ್ದರಿಂದ ಒಬ್ಬ ದಾನಿಯ ರಕ್ತವನ್ನು ಸಣ್ಣ ಚೀಲಗಳಿಗೆ ಹಂಚಿ ಹಲವು ಕೂಸುಗಳಿಗೆ ಕೊಡುವ ಪದ್ಧತಿಯಿದೆ. ಹಾಗೆ ಹಂಚಿದ ಒಂದೇ ದಾನದಿಂದ ಒಂದಕ್ಕಿಂತ ಹೆಚ್ಚು ಕೂಸುಗಳಿಗೆ ಸೋಂಕು ತಗುಲಿದ ನಿದರ್ಶನಗಳಿವೆ. ಹಾದಿಯಲ್ಲಿ ನಡೆದುಹೋಗಬಲ್ಲ ದಾನಿಗೆ ಏನೂ ಅಲ್ಲದ ಕಾಯಿಲೆ, ಎದ್ದು ಕೂರಲಾರದ ರೋಗಿಗೆ ಪ್ರಾಣಾಂತಿಕವಾಗುತ್ತದೆ.

1979ರಿಂದ 2009ರವರೆಗಿನ ಲೆಕ್ಕ

ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಇತರ ಸಂಸ್ಥೆಗಳ ಜೊತೆಗೂಡಿ 1979ರಿಂದ 2009ರವರೆಗಿನ ಪ್ರಕರಣಗಳನ್ನು ಒಟ್ಟುಮಾಡಿ 2011ರಲ್ಲಿ ಪ್ರಕಟಿಸಿತು. ರಕ್ತದ ಮೂಲಕ ಹರಡಿದ 162 ಪ್ರಕರಣಗಳು ಅದರಲ್ಲಿದ್ದವು. 159 ಬಬೇಸಿಯಾ ಮೈಕ್ರೋಟಿಯವು, ಉಳಿದ 3 ಪಶ್ಚಿಮದ ರಾಜ್ಯಗಳಲ್ಲಿ ಕಾಣುವ ಬಬೇಸಿಯಾ ಡಂಕನಿಯವು. ಮೈಕ್ರೋಟಿಯ ಪ್ರಕರಣಗಳಲ್ಲಿ ಶೇ 77ರಷ್ಟು ನಡೆದದ್ದು 2000ದಿಂದ 2009ರ ನಡುವಿನ ಹತ್ತು ವರ್ಷಗಳಲ್ಲಿ. ಉಣುಗು ಹೆಚ್ಚಿದ್ದು, ವೈದ್ಯರು ಹುಡುಕಲು ಕಲಿತದ್ದು, ಎರಡೂ ಈ ಏರಿಕೆಗೆ ಕಾರಣ. ನಾಲ್ಕನ್ನು ಬಿಟ್ಟು ಉಳಿದೆಲ್ಲವೂ ಕೆಂಪು ರಕ್ತಕಣಗಳ ಚೀಲದಿಂದ ಬಂದವು. ಆ ನಾಲ್ಕು ಪ್ಲೇಟ್‌ಲೆಟ್‌ಗಳಿಂದ ಬಂದವು, ಅದರಲ್ಲಿಯೂ ಚೂರುಪಾರು ಕೆಂಪು ಕಣ ಉಳಿದಿರುತ್ತದೆ.

ಈ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಎರಡು ಸಂಗತಿಗಳು. ಮರಿ ಉಣುಗುಗಳು ಕಚ್ಚುವುದು ಮುಖ್ಯವಾಗಿ ಮೇ ತಿಂಗಳಿಂದ ಜುಲೈವರೆಗೆ, ಆದರೆ ರಕ್ತದಿಂದ ಬಂದ ಪ್ರಕರಣಗಳು ವರ್ಷದ ಎಲ್ಲ ಋತುಗಳಲ್ಲಿಯೂ ಕಾಣಿಸಿದವು; ಹಿಮ ಬೀಳುವ ಜನವರಿಯಲ್ಲಿ ಜ್ವರ ಬಂದ ರೋಗಿಗೆ ಉಣುಗಿನ ಕಾಯಿಲೆಯಿದೆಯೆಂದು ಯಾರು ತಾನೇ ಶಂಕಿಸಿಯಾರು? ಎರಡನೆಯದು ಸ್ಥಳದ ಪ್ರಶ್ನೆ. ಶೇ 87ರಷ್ಟು ಪ್ರಕರಣಗಳು ಸೋಂಕು ನೆಲೆಗೊಂಡ ಏಳು ರಾಜ್ಯಗಳವಾದರೆ, ಉಳಿದವು ಆ ಉಣುಗಿನ ಕಾಟವಿಲ್ಲದ ರಾಜ್ಯಗಳವೂ ಸೇರಿದಂತೆ ಬೇರೆಡೆಯವು. ರಜೆಗೆ ಕಡಲತೀರಕ್ಕೆ ಹೋಗಿ ಬಂದು ತನ್ನೂರಲ್ಲಿ ರಕ್ತ ಕೊಟ್ಟ ದಾನಿ ಒಂದು ದಾರಿ. ಒಂದು ರಾಜ್ಯದಲ್ಲಿ ಸಂಗ್ರಹಿಸಿ ಕೊರತೆಯಿದ್ದ ಇನ್ನೊಂದು ರಾಜ್ಯಕ್ಕೆ ಕಳಿಸಿದ ಚೀಲ ಇನ್ನೊಂದು ದಾರಿ. ಉಣುಗಿಗೆ ತನ್ನ ಕಾಡಿನ ಎಲ್ಲೆಯಿದೆ, ರಕ್ತದ ಚೀಲಕ್ಕೆ ಅಂಥ ಎಲ್ಲೆಯಿಲ್ಲ.

ರಕ್ತ ಪಡೆದವರಲ್ಲಿ ರೋಗ ಕಾಣಿಸುವುದು ಸಾಮಾನ್ಯವಾಗಿ ಒಂದರಿಂದ ಒಂಬತ್ತು ವಾರಗಳ ನಂತರ, ಕೆಲವೊಮ್ಮೆ ಆರು ತಿಂಗಳಿಗೂ. ಅಷ್ಟರಲ್ಲಿ ರೋಗಿ ಮನೆಗೆ ಮರಳಿರುತ್ತಾನೆ, ಇಲ್ಲವೇ ಜ್ವರಕ್ಕೂ ರಕ್ತಹೀನತೆಗೂ ಮೂಲ ಕಾಯಿಲೆಯೇ ಕಾರಣವೆಂದು ತೀರ್ಮಾನವಾಗಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕಣದೊಳಗೆ ಉಂಗುರದಂಥ ಆಕಾರಗಳು ಕಾಣುವುದರಿಂದ ಮಲೇರಿಯಾ ಎಂದು ತಪ್ಪಾಗಿ ಓದುವ ಸಂಭವವಿದೆ. ಮಲೇರಿಯಾದ ಪರೋಪಜೀವಿ ಬಿಡುವ ಕಂದು ವರ್ಣಕ ಬಬೇಸಿಯಾದಲ್ಲಿ ಇರುವುದಿಲ್ಲ, ಮತ್ತು ಅಪರೂಪಕ್ಕೆ ನಾಲ್ಕು ಮರಿಗಳು ಶಿಲುಬೆಯಾಕಾರದಲ್ಲಿ ಜೋಡಿಕೊಂಡಿರುವುದು ಕಾಣುತ್ತದೆ. ಕಣ್ಣು ಪಳಗಿದವರು ಇವುಗಳಿಂದ ಗುರುತಿಸುತ್ತಾರೆ. ಒಮ್ಮೆ ಗುರುತಿಸಿದರೆ ಚಿಕಿತ್ಸೆಯುಂಟು: ಅಟೊವಾಕ್ವೋನ್ ಮತ್ತು ಅಜಿತ್ರೊಮೈಸಿನ್ ಜೊತೆಯಾಗಿ, ಇಲ್ಲವೇ ಕ್ಲಿಂಡಾಮೈಸಿನ್ ಮತ್ತು ಕ್ವಿನೈನ್, ಬಹಳ ತೀವ್ರವಾದರೆ ರೋಗಿಯ ರಕ್ತವನ್ನೇ ತೆಗೆದು ಬೇರೆ ರಕ್ತ ತುಂಬುವ ವಿನಿಮಯ ಚಿಕಿತ್ಸೆ. ಇಷ್ಟಿದ್ದರೂ ರಕ್ತದ ಮೂಲಕ ಸೋಂಕು ತಗುಲಿದವರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಂದಿ ಸತ್ತಿದ್ದಾರೆ. ಅವರ ಮೂಲ ಕಾಯಿಲೆಯ ಪಾಲನ್ನು ಅದರಲ್ಲಿ ಬಿಡಿಸಿ ಹೇಳುವುದು ಸುಲಭವಲ್ಲ, ಆದರೆ ಗುಣವಾಗಲೆಂದು ಪಡೆದ ರಕ್ತದಿಂದಲೇ ಅವರಿಗೆ ಇನ್ನೊಂದು ಕಾಯಿಲೆ ಬಂತು ಎಂಬುದರಲ್ಲಿ ಸಂದೇಹವಿಲ್ಲ.

ಪರೀಕ್ಷೆ ಬರಲು ಏಕೆ ತಡವಾಯಿತು

ಒಂದು ಕಾರಣ ತಾಂತ್ರಿಕವಾದದ್ದು. ಪ್ರತಿಕಾಯ ಪರೀಕ್ಷೆ, ಅಂದರೆ ದೇಹ ಸೋಂಕಿನ ವಿರುದ್ಧ ತಯಾರಿಸಿದ ವಸ್ತುವನ್ನು ಹುಡುಕುವ ಪರೀಕ್ಷೆ, ಎರಡೂ ಕಡೆ ತಪ್ಪುತ್ತದೆ: ಹೊಸದಾಗಿ ಸೋಂಕು ತಗುಲಿದವರಲ್ಲಿ ಪ್ರತಿಕಾಯ ಇನ್ನೂ ಮೂಡಿರುವುದಿಲ್ಲ, ಎಂದೋ ಗುಣವಾದವರಲ್ಲಿ ಅದು ವರ್ಷಗಟ್ಟಲೆ ಉಳಿದಿರುತ್ತದೆ. ಪರೋಪಜೀವಿಯ ಆನುವಂಶಿಕ ವಸ್ತುವನ್ನೇ ಹುಡುಕುವ ಪಿಸಿಆರ್ ಮಾದರಿಯ ಪರೀಕ್ಷೆ ನೇರವಾದದ್ದು, ಆದರೆ ಎಚ್‌ಐವಿಗೆ ಮಾಡುವಂತೆ ಪ್ಲಾಸ್ಮಾದಲ್ಲಿ ಹುಡುಕಿದರೆ ಸಾಲದು. ರಕ್ತಕಣವನ್ನು ಒಡೆದು ಅದರೊಳಗೆ ಹುಡುಕಬೇಕು. ಇನ್ನೊಂದು ಕಾರಣ ಹಣದ್ದು. ಕೆಲವೇ ರಾಜ್ಯಗಳಿಗೆ ಬೇಕಾದ ಪರೀಕ್ಷೆಗೆ ಮಾರುಕಟ್ಟೆ ಚಿಕ್ಕದು, ನಿಯಮ ಕಡ್ಡಾಯ ಮಾಡದಿದ್ದರೆ ಅದರ ಖರ್ಚನ್ನು ಹೊರಲು ಯಾರೂ ಮುಂದಾಗುವುದಿಲ್ಲ, ಪರವಾನಗಿ ಪಡೆದ ಪರೀಕ್ಷೆಯೇ ಇಲ್ಲದಿದ್ದರೆ ನಿಯಮ ಕಡ್ಡಾಯ ಮಾಡಲಾರದು. ಹೀಗೆ ಒಂದು ಇನ್ನೊಂದಕ್ಕೆ ಕಾಯುತ್ತ ವರ್ಷಗಳು ಕಳೆದವು. 2010ರಲ್ಲಿ ರೋಡ್ ಐಲೆಂಡ್‌ನ ರಕ್ತ ಕೇಂದ್ರವು ಕೂಸುಗಳಿಗೂ ಸಿಕಲ್ ಸೆಲ್ ಮತ್ತು ಥಲಸೇಮಿಯಾ ರೋಗಿಗಳಿಗೂ ಕೊಡುವ ರಕ್ತವನ್ನಾದರೂ ಪರೀಕ್ಷಿಸೋಣ ಎಂದು ಪ್ರಾಯೋಗಿಕ ಅನುಮತಿಯಡಿ ಆರಂಭಿಸಿತು. ಮೊದಲು ಅತ್ಯಂತ ದುರ್ಬಲರ ಕಡೆ ನೋಡಿದ ಆ ನಿರ್ಧಾರ ಮೆಚ್ಚಬೇಕಾದದ್ದು.

ನಿಲುವನ್ನು ನಿಜವಾಗಿ ಬದಲಿಸಿದ್ದು ಅಮೆರಿಕನ್ ರೆಡ್ ಕ್ರಾಸ್ ನಡೆಸಿ, 2016ರಲ್ಲಿ ಪ್ರಕಟಿಸಿದ ಅಧ್ಯಯನ. 2012ರ ಜೂನ್‌ನಿಂದ 2014ರ ಸೆಪ್ಟೆಂಬರ್‌ವರೆಗೆ ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮಿನೆಸೋಟ, ವಿಸ್ಕಾನ್ಸಿನ್ ರಾಜ್ಯಗಳ 89,153 ದಾನಗಳನ್ನು ಪ್ರತಿಕಾಯ ಮತ್ತು ಪಿಸಿಆರ್ ಎರಡರಿಂದಲೂ ಪರೀಕ್ಷಿಸಿದರು. 335 ದಾನಗಳಲ್ಲಿ, ಅಂದರೆ ಶೇ 0.38ರಷ್ಟರಲ್ಲಿ, ಸೋಂಕಿನ ಗುರುತು ಸಿಕ್ಕಿತು. ಅವುಗಳಲ್ಲಿ 67ರಲ್ಲಿ ಪಿಸಿಆರ್ ಮೂಲಕ ಪರೋಪಜೀವಿಯೇ ಪತ್ತೆಯಾಯಿತು, ಮತ್ತು ಆ 67ರಲ್ಲಿ 9 ಪ್ರತಿಕಾಯ ಇನ್ನೂ ಮೂಡದ ಹೊಸ ಸೋಂಕುಗಳು. ಪ್ರತಿಕಾಯ ಪರೀಕ್ಷೆಯೊಂದನ್ನೇ ನೆಚ್ಚಿದ್ದರೆ ಆ ಒಂಬತ್ತೂ ಚೀಲಗಳು ಆಸ್ಪತ್ರೆಗೆ ಹೋಗುತ್ತಿದ್ದವು. ಪರೀಕ್ಷಿಸಿ ಕಳಿಸಿದ 75,331 ದಾನಗಳಿಂದ ಒಬ್ಬರಿಗೂ ಸೋಂಕು ತಗುಲಲಿಲ್ಲ. ಪರೀಕ್ಷಿಸದೆ ಕಳಿಸಿದ 253,031 ದಾನಗಳಿಂದ 14 ಮಂದಿಗೆ ತಗುಲಿತು, ಎಂದರೆ 18,074 ದಾನಗಳಿಗೆ ಒಂದು.

ಈ ಹೋಲಿಕೆಯನ್ನು ಓದುವಾಗ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಪರೀಕ್ಷಿಸದ ಗುಂಪು ಇದ್ದದ್ದು ಯಾರನ್ನೂ ವಂಚಿಸಲಿಕ್ಕಲ್ಲ; ಪರೀಕ್ಷೆಗೆ ಆಗ ಪರವಾನಗಿಯೇ ಇರಲಿಲ್ಲ, ಪರೀಕ್ಷಿಸದೆ ಕೊಡುವುದೇ ಅಂದಿನ ಸಾಮಾನ್ಯ ಪದ್ಧತಿ. ಆದರೂ ಆ ಹದಿನಾಲ್ಕು ಜನ ಅಂಕಿಯೊಂದೇ ಅಲ್ಲ. ಒಂದೇ ಊರಿನ ಎರಡು ಆಸ್ಪತ್ರೆಗಳಲ್ಲಿ ಒಂದಕ್ಕೆ ಪರೀಕ್ಷಿಸಿದ ರಕ್ತವೂ ಇನ್ನೊಂದಕ್ಕೆ ಪರೀಕ್ಷಿಸದ ರಕ್ತವೂ ಹೋಗಬಹುದಾಗಿದ್ದ ಕಾಲದಲ್ಲಿ, ಯಾವ ಚೀಲ ಯಾರ ತೋಳಿಗೆ ಎಂಬುದನ್ನು ರೋಗಿಗಳು ತಾವೇ ಆರಿಸಿಕೊಂಡಿರಲಿಲ್ಲ.

2015ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹಾ ಸಮಿತಿ ಈ ವಿಷಯವನ್ನು ಕೈಗೆತ್ತಿಕೊಂಡಾಗ ಒಲವು ತೋರಿದ್ದು ದೇಶದುದ್ದಗಲಕ್ಕೂ ಪ್ರತಿಕಾಯ ಪರೀಕ್ಷೆ, ಅಪಾಯ ಹೆಚ್ಚಿರುವ ರಾಜ್ಯಗಳಲ್ಲಿ ಅದರ ಜೊತೆಗೆ ಆನುವಂಶಿಕ ವಸ್ತುವಿನ ಪರೀಕ್ಷೆ ಎಂಬ ಕ್ರಮಕ್ಕೆ. 2018ರ ಮಾರ್ಚ್‌ನಲ್ಲಿ ಮೊದಲ ಪರೀಕ್ಷೆಗಳಿಗೆ ಪರವಾನಗಿ ಸಿಕ್ಕಿತು, 2019ರಲ್ಲಿ ಒಡೆದ ರಕ್ತಕಣಗಳಲ್ಲಿ ಪರೋಪಜೀವಿಯ ಆರ್‌ಎನ್‌ಎಯನ್ನು ಹುಡುಕುವ ಇನ್ನೂ ಸೂಕ್ಷ್ಮವಾದ ಪರೀಕ್ಷೆಗಳು ಬಂದವು. ಅದೇ ವರ್ಷ ಮೇ ತಿಂಗಳ ಅಂತಿಮ ಮಾರ್ಗಸೂಚಿ ಪ್ರತಿಕಾಯ ಪರೀಕ್ಷೆಯನ್ನು ಕೈಬಿಟ್ಟು, 14 ರಾಜ್ಯಗಳಲ್ಲಿಯೂ ವಾಷಿಂಗ್ಟನ್ ಡಿಸಿಯಲ್ಲಿಯೂ ಸಂಗ್ರಹಿಸುವ ಪ್ರತಿಯೊಂದು ದಾನಕ್ಕೆ ವರ್ಷವಿಡೀ ಆನುವಂಶಿಕ ವಸ್ತುವಿನ ಪರೀಕ್ಷೆ ಮಾಡಬೇಕು, ಇಲ್ಲವೇ ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್‌ಗಳಿಗೆ ಒಪ್ಪಿತವಾದ ಶುದ್ಧೀಕರಣ ವಿಧಾನ ಬಳಸಬೇಕು ಎಂದಿತು. ಹನ್ನೆರಡು ತಿಂಗಳ ಗಡುವು ಕೊಟ್ಟಿತು. ಗುರುತು ಸಿಕ್ಕ ದಾನಿ ಕನಿಷ್ಠ ಎರಡು ವರ್ಷ ರಕ್ತ ಕೊಡುವಂತಿಲ್ಲ. ಆಮೇಲೆ ಮತ್ತೆ ಪರೀಕ್ಷಿಸಿ ಸೇರಿಸಿಕೊಳ್ಳಬಹುದು. ಜೀವಮಾನವಿಡೀ ಹೊರಗಿಡುತ್ತಿದ್ದ ಹಳೆಯ ಪದ್ಧತಿಗಿಂತ ಇದು ನ್ಯಾಯವಾದದ್ದು. ರೆಡ್ ಕ್ರಾಸ್ ಅಧ್ಯಯನದಲ್ಲಿ ಪಿಸಿಆರ್‌ನಲ್ಲಿ ಸಿಕ್ಕಿಬಿದ್ದ ದಾನಿಗಳ ಪೈಕಿ ಶೇ 86ರಷ್ಟು ಮಂದಿಯ ರಕ್ತದಿಂದ ಒಂದು ವರ್ಷದೊಳಗೆ ಪರೋಪಜೀವಿಯ ಡಿಎನ್‌ಎ ಮಾಯವಾಗಿತ್ತು, ಪ್ರತಿಕಾಯ ಮಾಯವಾದದ್ದು ಶೇ 8ರಷ್ಟು ಮಂದಿಯಲ್ಲಿ ಮಾತ್ರ. ಪ್ರತಿಕಾಯವನ್ನೇ ಅಳತೆಗೋಲಾಗಿಸಿದ್ದರೆ ಗುಣವಾದ ಎಷ್ಟೋ ದಾನಿಗಳನ್ನು ಕಾರಣವಿಲ್ಲದೆ ಕಳೆದುಕೊಳ್ಳಬೇಕಾಗುತ್ತಿತ್ತು.

ಉಳಿದ ಉಣುಗು ಕಾಯಿಲೆಗಳ ನಡುವೆ

ಅದೇ ಕಪ್ಪುಕಾಲಿನ ಉಣುಗು ಲೈಮ್ ಕಾಯಿಲೆಯನ್ನೂ ಹರಡುತ್ತದೆ. ಅಮೆರಿಕದಲ್ಲಿ ಉಣುಗಿನಿಂದ ಬರುವ ಕಾಯಿಲೆಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಅದೇ, ಅದರ ಬ್ಯಾಕ್ಟೀರಿಯಾ ಶೇಖರಿಸಿದ ರಕ್ತದಲ್ಲಿ ಬದುಕಿರಬಲ್ಲದೆಂದು ಪ್ರಯೋಗಗಳು ತೋರಿಸಿವೆ, ಆದರೂ ರಕ್ತದಾನದಿಂದ ಲೈಮ್ ಹರಡಿದ ಒಂದೂ ಪ್ರಕರಣ ದಾಖಲಾಗಿಲ್ಲ. ಬಿಳಿಕಣಗಳಲ್ಲಿ ಸೇರುವ ಅನಾಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ 2007ರಲ್ಲಿ ಮಿನೆಸೋಟದಲ್ಲಿ ರಕ್ತದ ಮೂಲಕ ಹರಡಿತು, ಅನಂತರವೂ ಕೆಲವು ಬಾರಿ ಹರಡಿದೆ. ಜೀವಕ್ಕೇ ಎರವಾಗಬಲ್ಲ ರಾಕಿ ಪರ್ವತದ ಚುಕ್ಕೆಜ್ವರ ರಕ್ತದಿಂದ ಹರಡಿದ್ದು ತೀರ ಅಪರೂಪ. ದಾನಿಯನ್ನು ಹಾಸಿಗೆ ಹಿಡಿಸುವ ಸೋಂಕು ರಕ್ತನಿಧಿಯ ಬಾಗಿಲಲ್ಲಿಯೇ ತಡೆಯಲ್ಪಡುತ್ತದೆ. ದಾನಿಯೊಳಗೆ ಸದ್ದಿಲ್ಲದೆ ತಿಂಗಳುಗಟ್ಟಲೆ ಇರುವ ಸೋಂಕು ಒಳಗೆ ಬರುತ್ತದೆ. ರಕ್ತದ ಮಟ್ಟಿಗೆ ಅಪಾಯವನ್ನು ಅಳೆಯುವಾಗ ಕಾಯಿಲೆಯ ತೀವ್ರತೆಗಿಂತ ಈ ಮೌನದ ಅವಧಿಯೇ ದೊಡ್ಡ ಅಳತೆ ಎಂಬುದು ಈ ಪ್ರಕರಣದಿಂದ ನಾನು ಕಂಡುಕೊಂಡ ಮಾತು.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನು ಈ ಅಳತೆಯಲ್ಲಿ ಇಟ್ಟು ನೋಡಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ ಕೂಡ ಉಣುಗಿನದ್ದೇ, ಮತ್ತು ಬಬೇಸಿಯೋಸಿಸ್‌ಗಿಂತ ಬಹಳ ಉಗ್ರವಾದದ್ದು. ಆದರೆ ಅದರ ವೈರಸ್ ರಕ್ತದಲ್ಲಿ ಹೇರಳವಾಗಿರುವುದು ಜ್ವರ ಶುರುವಾದ ಮೇಲಿನ ಹತ್ತು ಹನ್ನೆರಡು ದಿನ. ಆ ದಿನಗಳಲ್ಲಿ ತಲೆನೋವು, ಮೈನೋವಿನಿಂದ ನರಳುವ ವ್ಯಕ್ತಿ ರಕ್ತ ಕೊಡಲು ಬರುವುದಿಲ್ಲ, ಬಂದರೂ ಜ್ವರ ನೋಡಿ ವಾಪಸು ಕಳಿಸುತ್ತಾರೆ. ಕಾಯಿಲೆಯ ಕಾಲದಲ್ಲಿ ಆ ಭಾಗದ ಶಿಬಿರಗಳಲ್ಲಿ ಜ್ವರದ ವಿಚಾರಣೆಯನ್ನು ಕಾಟಾಚಾರಕ್ಕೆ ಮಾಡದೆ, ಮನೆಯಲ್ಲಿ ಯಾರಿಗಾದರೂ ಜ್ವರವಿತ್ತೇ, ದಾನಿ ಇತ್ತೀಚೆಗೆ ಕಾಡಿಗೆ ಹೋಗಿದ್ದರೇ ಎಂದು ಕೇಳಿದರೆ ಆ ತಡೆ ಇನ್ನಷ್ಟು ಗಟ್ಟಿಯಾಗುತ್ತದೆ.

ಭಾರತದ ರಕ್ತನಿಧಿಗಳಲ್ಲಿ ಕಡ್ಡಾಯವಾಗಿ ನೋಡುವುದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ. ಬಬೇಸಿಯಾ ಈ ಪಟ್ಟಿಯಲ್ಲಿಲ್ಲ. ಅಮೆರಿಕದ ಆ ಉಣುಗು ಇಲ್ಲಿಲ್ಲವಾದ್ದರಿಂದ ಸೇರಿಸಬೇಕೆಂದೂ ನಾನು ಹೇಳುವುದಿಲ್ಲ. ಆದರೆ ನ್ಯೂಜೆರ್ಸಿಯಲ್ಲಿ, ಬಾಸ್ಟನ್ ಸುತ್ತಮುತ್ತ, ಕನೆಕ್ಟಿಕಟ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಬಹಳವಿವೆ, ಮತ್ತು ಅವರು ಊರಿಗೆ ಬರುವುದು ಹೆಚ್ಚಾಗಿ ಮಕ್ಕಳ ಶಾಲೆಗೆ ಬಿಡುವಿರುವ ಜೂನ್, ಜುಲೈ, ಆಗಸ್ಟ್‌ನಲ್ಲಿ, ಅಂದರೆ ಮರಿ ಉಣುಗುಗಳು ಕಚ್ಚುವ ದಿನಗಳಲ್ಲಿ ಅಥವಾ ಅದರ ಬೆನ್ನಿಗೇ. ಹಾಗೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆರು ತಿಂಗಳು ಅಲ್ಲಿದ್ದು, ಹಿತ್ತಿಲ ತೋಟದಲ್ಲಿ ಕೆಲಸ ಮಾಡಿ ಮರಳಿದ ಹಿರಿಯರೂ ಇದ್ದಾರೆ. ಅಂಥವರಿಗೆ ಇಲ್ಲಿ ಜ್ವರ ಬಂದು, ರಕ್ತಲೇಪನದಲ್ಲಿ ಉಂಗುರಗಳು ಕಂಡು, ಮಲೇರಿಯಾದ ಔಷಧಕ್ಕೆ ಬಗ್ಗದಿದ್ದರೆ, ಎಲ್ಲಿಂದ ಬಂದಿರಿ, ಅಲ್ಲಿ ರಕ್ತ ಹಾಕಿಸಿಕೊಂಡಿದ್ದಿರಾ, ಗುಲ್ಮ ತೆಗೆಸಿದೆಯೇ ಎಂಬ ಮೂರು ಪ್ರಶ್ನೆಗಳನ್ನು ವೈದ್ಯರು ಕೇಳಬೇಕು. ಕೇಳದಿದ್ದರೆ ರೋಗಿಯ ಕಡೆಯವರೇ ಹೇಳಬೇಕು. ಬಂದ ವಾರದಲ್ಲೇ ಊರಿನ ಶಿಬಿರದಲ್ಲಿ ರಕ್ತ ಕೊಡಲು ಮುಂದಾಗುವವರು ತಾವು ಯಾವ ರಾಜ್ಯದಿಂದ ಬಂದದ್ದು, ಬೇಸಿಗೆಯಲ್ಲಿ ಜ್ವರ ಬಂದಿತ್ತೇ ಎಂಬುದನ್ನು ಅಲ್ಲಿಯ ವೈದ್ಯರಿಗೆ ತಿಳಿಸಬೇಕು. ಆ ಚೀಲದ ಮೇಲೆ ಬಬೇಸಿಯಾ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ.